ಗಾಳಿಯ ಕೈಗೆ ಸಿಗದ ಕೂಗು

ಆಗ ಭೂಮಿಗೆ ಇನ್ನೂ ಹಾಲುಹಲ್ಲು. ಬೆಟ್ಟಗಳೆಲ್ಲ ಮೊಣಕಾಲೆತ್ತರ; ಅನುಮಾನವಿದ್ದರೆ ಬೆಟ್ಟಗಳನ್ನೇ ಕೇಳಿಕೊಳ್ಳಿ. ಚೀನಾ ದೇಶದಲ್ಲಿ ಉತ್ತರದವರೂ ದಕ್ಷಿಣದವರೂ ಮಾತನ್ನು ಒಂದೇ ಥರ ಮುಗಿಸುತ್ತಿದ್ದರು, ನಾಲಿಗೆಯನ್ನು ಚಾಪೆಯ ಹಾಗೆ ಹಾಸಿ.

ಉತ್ತರದಲ್ಲಿ, ಹಳದಿ ನದಿಯ ದಡದಲ್ಲಿ ಗುವಾನ್ ಅಜ್ಜಿ ಇದ್ದಳು. ಅವಳಿಗೊಂದು ಬಾತುಕೋಳಿ. ಹೆಸರು ಹ್ವಾ, ಅಂದರೆ ಹೂವು. ಹ್ವಾಗೆ ಹನ್ನೊಂದು ಮರಿ. ಅಜ್ಜಿ "ಹ್ವಾ" ಎಂದರೆ ಸಾಕು, ತಾಯಿ ಮುಂದೆ, ಮರಿಗಳು ಹಿಂದೆ, ಮನೆಗೆ ಬರುತ್ತಿದ್ದವು.

ಒಂದು ಮಧ್ಯಾಹ್ನ ಅವು ನದಿ ನಡುವಿನ ಮರಳುದಿಬ್ಬದ ಮೇಲೆ ನಿದ್ದೆ ಹೊಡೆಯುತ್ತಿದ್ದವು. ಅಜ್ಜಿ ನೀರಿಗೆಂದು ದಡಕ್ಕೆ ಬಂದಳು.

ನದಿ ಏದುಸಿರು ಬಿಡುತ್ತಾ ಹೇಳಿತು, "ಅಜ್ಜೀ, ಮೇಲಿಂದ ಪ್ರವಾಹ ಬರ್ತಿದೆ. ಸಮುದ್ರದ ತನಕ ಕೊಚ್ಕೊಂಡು ಹೋಗತ್ತೆ. ನಿನ್ನ ಮಕ್ಕಳನ್ನ ಬೇಗ ಕರ್ಕೋ!"

"ಹ್ವಾ!" ಎಂದಳು ಅಜ್ಜಿ.

ಮರಳುಗಾಡಿನ ಗಾಳಿ ಅಲ್ಲೇ ಹೊಂಚು ಹಾಕಿತ್ತು. ಮಾತಿನ ಬಾಲವೆಂದರೆ ಅದಕ್ಕೆ ಪ್ರಾಣ. "ಆ…" ಎಂದು ಹೊರಗೆ ಇಳಿಬಿದ್ದ ಬಾಲವನ್ನು ಹಿಡಿದು ಎಳೆದೇ ಎಳೆಯಿತು. ಕೂಗು ನೂಲಿನುಂಡೆಯ ಹಾಗೆ ಬಿಚ್ಚಿಹೋಯಿತು. ಸಾಲದ್ದಕ್ಕೆ ಅಜ್ಜಿಯ ಬಾಯಿಗೆ ಒಂದು ಹಿಡಿ ಮರಳು.

"ಥೂ! ನಿನ್ನ ಮನೆ ಹಾಳಾಗ!"

"ನಂಗೆ ಮನೆಯೇ ಇಲ್ವಲ್ಲಜ್ಜಿ!" ಗಾಳಿ ಕಿಸಕ್ಕನೆ ನಕ್ಕಿತು. "ಕೂಗು, ಕೂಗು. ಬಾಲ ಮಾತ್ರ ನಂದು."

ಅಜ್ಜಿ ಮತ್ತೆ ಕೂಗಿದಳು. ಗಾಳಿ ಮತ್ತೆ ಎಳೆಯಿತು. ನೀರು ದಿಬ್ಬದ ಅಂಚನ್ನು ನೆಕ್ಕತೊಡಗಿತು.

ಅಜ್ಜಿಯ ಹೆಗಲ ಮೇಲೆ ನೀರು ಹೊರುವ ಕೋಲಿತ್ತು. ಅದರ ಎರಡೂ ತುದಿಗೆ ಕೊಕ್ಕೆ, ಕೊಕ್ಕೆಗೆ ಒಂದೊಂದು ಕೊಡ. ಗಾಳಿ ಅವನ್ನೂ ಬಿಡದೆ ಎಳೆಯುತ್ತಿತ್ತು. ಕೊಡಗಳು ತೂಗಾಡಿದವೇ ಹೊರತು ಬೀಳಲಿಲ್ಲ.

"ಓಹೋ! ಕೊಕ್ಕೆ ಇದ್ರೆ ನಿಮ್ಮಪ್ಪನ ಕೈಲೂ ಕೀಳೋಕಾಗಲ್ಲ, ಅಲ್ವೇನೋ?"

ಅಜ್ಜಿ ಉಸಿರು ತುಂಬಿಕೊಂಡಳು. ನಾಲಿಗೆಯ ತುದಿಯನ್ನು ಕೊಕ್ಕೆಯ ಹಾಗೆ ಮೇಲಕ್ಕೆ ಮಡಚಿದಳು. "ಹ್ವಾರ್!"

ಗಾಳಿ ಬಾಲ ಹುಡುಕಿತು. ಎಲ್ಲಿದೆ? ಸುರುಳಿ ಸುತ್ತಿಕೊಂಡು ಒಳಗೆ ಕೂತಿದೆ! ಕೂಗು ಇಡಿಯಾಗಿ, ಗುಂಡಗೆ, ನೀರಿನ ಮೇಲೆ ಉರುಳಿಕೊಂಡು ಹೋಯಿತು. ಹ್ವಾ ತಲೆ ಎತ್ತಿತು. ಧುಮುಕ್! ಹಿಂದೆಯೇ ಹನ್ನೊಂದು ಪುಟ್ಟ ಧುಮುಕ್! ಕೊನೆಯ ಮರಿ ದಡ ಹತ್ತುವುದಕ್ಕೂ ಪ್ರವಾಹ ದಿಬ್ಬವನ್ನು ನುಂಗುವುದಕ್ಕೂ ಸರಿಹೋಯಿತು.

ಊರಿಗೆ ಊರೇ ದಡಕ್ಕೆ ಬಂದು "ಹ್ವಾರ್! ಹ್ವಾರ್!" ಎಂದು ಕುಣಿಯಿತು. ಗಾಳಿ ಮುಖ ಸಪ್ಪಗೆ ಮಾಡಿಕೊಂಡು ದಕ್ಷಿಣಕ್ಕೆ ಓಡಿತು. ಅಲ್ಲಿ ಬಿದಿರುಮೆಳೆಗಳು ಅದನ್ನು ಒಳಗೇ ಬಿಡಲಿಲ್ಲ.

ಅದಕ್ಕೇ ಮಕ್ಕಳೇ, ದಕ್ಷಿಣ ಚೀನಾದವರು ಇವತ್ತಿಗೂ ಹೂವಿಗೆ "ಹ್ವಾ" ಎಂದು ಸುಮ್ಮನಾಗುತ್ತಾರೆ. ಉತ್ತರದ ಬೀಜಿಂಗಿನ ಅಜ್ಜಿಯರು ಮಾತ್ರ, ಎಲೆ ಅಲುಗದ ದಿನವೂ, ನಾಲಿಗೆಯನ್ನು ಜಂಬದಿಂದ ಮೇಲಕ್ಕೆ ಮಡಚಿ "ಹ್ವಾರ್" ಎನ್ನುತ್ತಾರೆ.