ದೊಡ್ಡ ಕೆರೆಗೆ ದಾರಿ ಹೇಳಿದ ನೀಲಕ್ಕ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೆರೆ. ಕೆರೆಯ ಮೇಲಕ್ಕೆ ಬಾಗಿದ ಒಂದು ಹೊಂಗೆ ಮರ. ಅದರ ತುದಿಯ ಕೊಂಬೆ ನೀಲಕ್ಕ ಎಂಬ ಮಿಂಚುಳ್ಳಿಯದು. ಅಲ್ಲಿ ಬೇರೆ ಯಾವ ಹಕ್ಕಿಯೂ ಕೂರುತ್ತಿರಲಿಲ್ಲ. ಆ ಕೆರೆಯವರಲ್ಲಿ ಮಹಾಪಟ್ಟಣವನ್ನು ಮೊಟ್ಟಮೊದಲು ಕಂಡು ಬಂದವಳು ನೀಲಕ್ಕ. ಆ ಗೌರವಕ್ಕಾಗಿ ಬಿಟ್ಟುಕೊಟ್ಟ ಜಾಗ ಅದು.

ಪಟ್ಟಣ ನೋಡಲು ಹೊರಟವರು ಮೊದಲು ಅವಳ ಬಳಿಗೆ ಬರಬೇಕು. ಅವಳು ದಾರಿ ಹೇಳುವಳು. ಕೇಳಿದವರು ಅದನ್ನು ಪಾಠದಂತೆ ಒಪ್ಪಿಸಬೇಕು. ಒಂದು ಮಾತು ತಪ್ಪಿದರೂ ಮತ್ತೆ ಮೊದಲಿನಿಂದ. ಇದು ಆ ಕೆರೆಯ ರೂಢಿ.

ಒಂದು ಬೆಳಿಗ್ಗೆ ಅವಳ ತಂಗಿಯ ಮಗಳು ಪಚ್ಚೆಯೇ ಬಂದು ಕೂತಳು. ತಾಯಿ ಇಲ್ಲದ ಮಗು. ದಂಡೆಯ ಬಿಲದಲ್ಲಿ ನೀಲಕ್ಕ ಕೊಕ್ಕಿನಲ್ಲಿ ಮೀನು ತಂದು ತಂದು ಉಣಿಸಿ ಅವಳನ್ನು ಸಾಕಿದ್ದಳು.

"ದೊಡ್ಡಮ್ಮ, ನಾನೂ ಪಟ್ಟಣ ನೋಡಿ ಬರುತ್ತೇನೆ. ಏನೇನು ನೋಡಲಿ ಹೇಳು."

ನೀಲಕ್ಕನಿಗೆ ಹಿಗ್ಗು. ದಂಡೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು. "ಮೊದಲು ಗಡಿಯಾರದ ಗೋಪುರ. ಅದರ ಮುಳ್ಳಿನ ಮೇಲೆ ಕೂರಬೇಡ, ನಿಧಾನಕ್ಕೆ ಜಾರಿಸಿಬಿಡುತ್ತದೆ. ಆಮೇಲೆ ಅರಮನೆ. ಅಲ್ಲಿಯ ಪಾರಿವಾಳಗಳ ಜೊತೆ ಮಾತಿಗೆ ನಿಲ್ಲಬೇಡ, ನಿಂತರೆ ಸಂಜೆಯವರೆಗೂ ಬಿಡುವುದಿಲ್ಲ. ತೋಟದಲ್ಲಿ ಜನ ಎಸೆಯುವ ಕಡಲೆಪುರಿ ಮುಟ್ಟಬೇಡ, ಹೊಟ್ಟೆ ಉಬ್ಬರಿಸುತ್ತದೆ."

"ಮತ್ತೆ ಮೀನು?"

"ಅರಮನೆಯ ಹಿಂದೆ ದೊಡ್ಡ ಕೆರೆ ಇದೆಯಲ್ಲ. ಮೇಲಿನಿಂದ ನೋಡಿದರೆ ಬೆಳಗಿಟ್ಟ ತಟ್ಟೆಯ ಹಾಗೆ ಹೊಳೆಯುತ್ತದೆ. ಅದನ್ನು ನೋಡದೆ ಬಂದರೆ ಪಟ್ಟಣ ನೋಡಿದ ಹಾಗಲ್ಲ."

"ಸರಿ. ಒಂದು ಕೊಂಬೆ ಹುಡುಕಿ ಕೂತು, ನೀರು ನೋಡಿಕೊಂಡು ಧುಮುಕುತ್ತೇನೆ."

"ಅದು ಇಲ್ಲಿಯ ಪದ್ಧತಿ. ಅಲ್ಲಿ ಹಾಗೆ ಪಿಳಿಪಿಳಿ ನೋಡುತ್ತ ಕೂತರೆ ಕಾಗೆಗಳು ಕಾಡಿನವಳು ಬಂದಳು ಎಂದು ಆಡಿಕೊಳ್ಳುತ್ತವೆ. ನನ್ನನ್ನೂ ಆಡಿಕೊಂಡಿದ್ದವು. ನೀನು ಎತ್ತರದಿಂದಲೇ ರೆಕ್ಕೆ ಮುದುರಿ ನೇರವಾಗಿ ಧುಮುಕು. ಎಲ್ಲಿಯವಳು ಎಂದು ಒಬ್ಬರೂ ಕೇಳಬಾರದು."

ಕೆಸರಿನಲ್ಲಿ ನಿಂತಿದ್ದ ಕೊಕ್ಕರೆ ಮಾದಪ್ಪ ಕತ್ತು ಎತ್ತಿದ. "ನೀಲಕ್ಕ, ಹೋದ ಬೇಸಿಗೆಯಲ್ಲಿ ನಾನು ಆ ಕೆರೆಯನ್ನು ಹುಡುಕಿದೆ. ಸಿಗಲಿಲ್ಲ. ಆ ಜಾಗದಲ್ಲಿ ಮಣ್ಣಿನ ರಾಶಿ ಇತ್ತು."

"ಹೊರಡುವಾಗ ನೀನು ಪಾಠ ಸರಿಯಾಗಿ ಒಪ್ಪಿಸಿದ್ದೆಯೇನಪ್ಪ? ಅರಮನೆಯ ಹತ್ತಿರ ತಡವರಿಸಿದೆ. ದಾರಿ ತಪ್ಪಿ ಯಾರದೋ ಹಿತ್ತಿಲಿಗೆ ಹೋಗಿದ್ದೀಯ."

ಕಪ್ಪೆಗಳೆಲ್ಲ ನಕ್ಕವು. ಮಾದಪ್ಪ ನಗಲಿಲ್ಲ. "ನೀನು ಅದನ್ನು ನೋಡಿ ಎಷ್ಟು ಕಾಲವಾಯಿತು?"

ಆ ಮಾತು ನೀಲಕ್ಕನಿಗೆ ಮೀನಿನ ಮುಳ್ಳಿನಂತೆ ಚುಚ್ಚಿತು. ಆ ಕೆರೆಯನ್ನು ಕಂಡಾಗ ಅವಳ ರೆಕ್ಕೆಯ ಬಣ್ಣ ಇನ್ನೂ ಪೂರ್ತಿ ಬಲಿತಿರಲಿಲ್ಲ. ಅಷ್ಟು ಹಿಂದಿನ ಮಾತು. ಈಗ ಹೇಗಿದೆಯೋ ನನಗೆ ತಿಳಿಯದು ಎಂದರೆ ಸಾಕಿತ್ತು. ಆದರೆ ಇಡೀ ದಂಡೆ ಅವಳನ್ನೇ ನೋಡುತ್ತಿತ್ತು.

"ಕೆರೆ ಎಂದರೆ ಏನು, ಎದ್ದು ನಡೆದು ಹೋಗುತ್ತದೆಯೇ?" ಎಂದಳು.

ಕಪ್ಪೆಗಳು ಮತ್ತೆ ನಕ್ಕವು. "ಹಾಗಾದರೆ ನಾನೂ ಜೊತೆಗೆ ಹೋಗಿ ಬರುತ್ತೇನೆ," ಎಂದ ಮಾದಪ್ಪ.

"ದಾರಿ ತಪ್ಪಿದವನ ಜೊತೆಗೆ ನಮ್ಮ ಹುಡುಗಿಯೇ? ಬೇಡ."

ಪಚ್ಚೆ ಪಾಠವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಹೊರಡುವಾಗ ದೊಡ್ಡಮ್ಮನ ಕೊಕ್ಕಿಗೆ ಕೊಕ್ಕು ತಾಗಿಸಿ, "ಕೆರೆಯ ಮೀನು ತರುತ್ತೇನೆ" ಎಂದಳು. ಅವಳು ಕಣ್ಮರೆಯಾದ ಮೇಲೆ ಮಾದಪ್ಪ ಯಾರಿಗೂ ಹೇಳದೆ ಹಿಂದೆಯೇ ಹಾರಿದ.

ನೀಲಕ್ಕ ಕಾದಳು. ಮೀನು ಕಾಲ ಕೆಳಗೇ ಸುಳಿದರೂ ಧುಮುಕಲಿಲ್ಲ. ಕೊನೆಗೊಂದು ದಿನ ಮಾದಪ್ಪ ಬಂದ. ಒಬ್ಬನೇ ಬಂದ.

"ಪಚ್ಚೆ?"

"ಅವಳು ನೀನು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದಳು, ನೀಲಕ್ಕ. ಮುಳ್ಳಿನ ಮೇಲೆ ಕೂರಲಿಲ್ಲ. ಪಾರಿವಾಳಗಳ ಜೊತೆ ಮಾತಾಡಲಿಲ್ಲ. ಪುರಿ ಮುಟ್ಟಲಿಲ್ಲ."

"ಕೆರೆಗೆ ಹೋದಳೇ?"

ಮಾದಪ್ಪ ನೀರಿನ ಕಡೆ ನೋಡಿದ. "ಕೆರೆಯನ್ನು ಮುಚ್ಚಿ ಅಂಗಡಿಗಳ ದೊಡ್ಡ ಕಟ್ಟಡ ಕಟ್ಟಿದ್ದಾರೆ. ಅದರ ಚಾವಣಿ ಪೂರ್ತಿ ಗಾಜು. ಬಿಸಿಲಿನಲ್ಲಿ ನೀರಿನ ಹಾಗೆಯೇ ಹೊಳೆಯುತ್ತದೆ. ದೂರದಿಂದ ನನಗೂ ಕೆರೆಯೆಂದೇ ಕಂಡಿತು. ಹತ್ತಿರ ಬಂದಾಗ ತಿಳಿದು ಕೂಗಿದೆ. ಅವಳು ಆಗಲೇ ರೆಕ್ಕೆ ಮುದುರಿದ್ದಳು."

ನೀಲಕ್ಕ ಕೇಳಿದಳು, "ಎಲ್ಲಾದರೂ ಒಂದು ಗಳಿಗೆ ಕೂತು ನೋಡಲಿಲ್ಲವೇ?"

"ಎದುರಿಗೇ ತಂತಿ ಇತ್ತು. ಕೂರಲಿಲ್ಲ."

"ಕಾಗೆಗಳು ಇದ್ದವೇ?"

"ಇದ್ದವು. ಗಾಜಿನ ಮೇಲೆ ಉಸಿರಿಲ್ಲದೆ ಬಿದ್ದಿದ್ದ ಅವಳ ಸುತ್ತ ಬಂದು ಕೂತವು. ಒಂದೂ ನಗಲಿಲ್ಲ. ಎಲ್ಲಿಯವಳು ಎಂದು ಒಂದು ಕೇಳಿತು. ನಮ್ಮ ಕೆರೆಯವಳು ಎಂದೆ."

ಕಪ್ಪೆಗಳು ತಲೆ ತಗ್ಗಿಸಿ ಒಂದೊಂದಾಗಿ ನೀರಿಗೆ ಇಳಿದವು.

ನೀಲಕ್ಕ ಮತ್ತೆ ತುದಿಯ ಕೊಂಬೆಗೆ ಹೋಗಲಿಲ್ಲ. ದಂಡೆಯಲ್ಲಿ ಆ ಹಳೆಯ ಬಿಲದ ಬಾಯಿಯ ಹತ್ತಿರ, ಒಂದು ಬೇರಿನ ಮೇಲೆ ಕೂರತೊಡಗಿದಳು. ಮಳೆಗಾಲ ಕಳೆದ ಮೇಲೆ ಆಗಷ್ಟೇ ಹಾರಲು ಕಲಿತ ಬಾತುಕೋಳಿಯ ಮರಿಯೊಂದು ಅಲ್ಲಿಗೆ ಬಂತು. "ಅಜ್ಜಿ, ಪಟ್ಟಣಕ್ಕೆ ಹೋಗಬೇಕು. ದಾರಿ ಹೇಳು."

"ನಾನು ಕಂಡ ಪಟ್ಟಣ ಈಗ ಇಲ್ಲ ಮಗು," ಎಂದಳು ನೀಲಕ್ಕ. "ಮಾದಪ್ಪನನ್ನು ಕೇಳು. ಅವನು ಹೇಳಿದರೂ ಇಳಿಯುವ ಮುಂಚೆ ಎಲ್ಲಾದರೂ ಕೂತು ನೋಡು. ನಗುವವರು ನಗಲಿ."

ಮರಿ ತಲೆಯಾಡಿಸಿ ಮಾದಪ್ಪನ ಕಡೆಗೆ ಈಜಿತು. ನೀಲಕ್ಕ ಖಾಲಿ ಬಿಲದ ಕಡೆ ತಿರುಗಿ ಕೂತಳು.

ನೀತಿ: ದಾರಿ ಹೇಳುವವರು ತಾವು ಅದನ್ನು ಕಂಡದ್ದು ಯಾವಾಗ ಎಂಬುದನ್ನೂ ಹೇಳಬೇಕು, ಹೊಸ ಊರಿಗೆ ಹೋದವರು ನಗೆಗೆ ಅಂಜದೆ ತಮ್ಮ ಕಣ್ಣಿನಿಂದ ನೋಡಿ ಹೆಜ್ಜೆ ಇಡಬೇಕು.