ಕೊಳೆಯದ ಬೂಟು, ಮರಿ ಹೊತ್ತ ಏಡಿ

ತೊಗಲು ಹದ ಮಾಡುವ ಕಾರ್ಖಾನೆಯ ಹಿಂದಿನ ಹಳ್ಳದ ದಡದಲ್ಲಿ ಒಂದು ಹಳೇ ಬೂಟು ಬಿದ್ದಿತ್ತು. ಅದರ ಜಂಬವನ್ನು ಅರ್ಧಕ್ಕರ್ಧ ಇಳಿಸಿ ಹೇಳಿದರೂ ಎರಡು ಗಾಡಿ ತುಂಬೀತು! ಹೊಟ್ಟೆಯಡಿ ಮರಿಗಳನ್ನು ಹೊತ್ತು, ಅವನ್ನು ಬಿಡಲು ನೀರು ಹುಡುಕುತ್ತ ಬಂದ ತಾಯಿ ಏಡಿಗೆ ಆ ಬೂಟನ್ನು ಕಂಡು ಬೆರಗಾಯಿತು.

"ಬೂಟಣ್ಣ, ಇಷ್ಟು ಮಳೆ ಬಿಸಿಲು ತಿಂದರೂ ನೀನು ಕೊಳೆತಿಲ್ಲವಲ್ಲ, ಅದು ಹೇಗೆ?"

"ನಾನೇನು ಸಾಮಾನ್ಯನೇ ತಂಗೀ! ಬರೀ ತೊಗಲಾಗಿದ್ದಾಗಲೇ ಈ ಕಾರ್ಖಾನೆಯಲ್ಲಿ ಮದ್ದಿನ ನೀರು ಕುಡಿದವನು. ನನ್ನನ್ನು ಹುಳು ಮುಟ್ಟದು, ನೊಣ ಮೂಸದು. ನನ್ನನ್ನು ಅದರಲ್ಲಿ ಅದ್ದಿ ತೆಗೆದವನ ಕೈಯ ತೊಗಲು ಸುಲಿದುಹೋಯಿತು, ನನ್ನದು ಮಾತ್ರ ಗಟ್ಟಿಯಾಯಿತು!"

ಏಡಿ ಮುಂದಿಟ್ಟ ಕಾಲನ್ನು ನೀರಿನ ಅಂಚಿನಲ್ಲೇ ತಡೆಯಿತು. "ನೀನು ಕುಡಿದು ಉಳಿದ ಮದ್ದು ಏನಾಯಿತು?"

"ಇಗೋ, ನಿನ್ನ ಮುಂದೆಯೇ ಹರಿಯುತ್ತಿದೆ."

"ಇದರಲ್ಲಿ ಯಾರು ಯಾರು ವಾಸವಾಗಿದ್ದಾರೆ?"

"ಮೊದಲು ಮೀನು, ಕಪ್ಪೆ ಎಲ್ಲ ಇದ್ದವು. ನನ್ನ ಠೀವಿಗೆ ಹೆದರಿ ಒಂದೂ ಉಳಿಯಲಿಲ್ಲ."

ಏಡಿ ಮರಿಗಳನ್ನು ಬಿಗಿಯಾಗಿ ಅವಚಿಕೊಂಡು, ಕಾರ್ಖಾನೆಯನ್ನು ದಾಟಿ ಹಳ್ಳದ ಮೇಲ್ಭಾಗಕ್ಕೆ ಹೊರಟಿತು. ಅದು ಅಡ್ಡಡ್ಡ ಓಡುವುದನ್ನು ನೋಡಿ ಬೂಟು ನಾಲಗೆ ಚಾಚಿ ಕೂಗಿತು: "ನೋಡಿದಿರಾ, ಇವಳೂ ನನಗೆ ಹೆದರಿದಳು!"

ಕೇಳಿಸಿಕೊಳ್ಳಲು ಅಲ್ಲಿ ಒಂದು ನೊಣವೂ ಇರಲಿಲ್ಲ.