ಸೋಮವಾರ ತೆಗೆದ ಬೀಗ

ಎದುರುಮನೆ ಪುಟ್ಟಗೌರಮ್ಮ ಗೃಹಪ್ರವೇಶಕ್ಕೆ ಬೀದಿಗೆಲ್ಲ ಹೋಳಿಗೆ ಹಾಕಿದ್ಲು, ಬಡಾಯಿಗೇನು ಕಮ್ಮಿ ಇರ್ಲಿಲ್ಲ. ಮನೆ ಸಾಲದ ಕಂತು ಕಟ್ಲಿಲ್ಲ ಅಂತ ಶುಕ್ರವಾರ ಸಂಜೆ ಬ್ಯಾಂಕಿನೋರು ಅವಳನ್ನ ಹೊರಗೆ ಹಾಕಿ ಬಾಗಿಲಿಗೆ ಬೀಗ ಜಡಿದ್ರು. ಅಟ್ಟದ ಮೇಲೆ ಬೆಕ್ಕಿನ ಮರಿಗಳಿದ್ದಿದ್ದು ಯಾರಿಗೂ ನೆನಪಾಗ್ಲಿಲ್ಲ.

ತಾಯಿಬೆಕ್ಕು ಓಡಿಬಂತು. "ಬೀಗಣ್ಣಾ, ಒಂದು ಗಳಿಗೆ ತೆರ್ಕೋ. ನನ್ನ ಮೂರು ಮರಿ ಒಳಗವೆ, ಇನ್ನೂ ಕಣ್ಣು ಬಿಟ್ಟಿಲ್ಲ."

"ನಿನ್ನ ಸಾಕಿದೋಳು ಸಾಲ ಮಾಡೋವಾಗ ನನ್ನ ಕೇಳಿದ್ಲಾ?" ಅಂತು ಬೀಗ.

"ಮರಿಗಳೇನು ಸಾಲ ಮಾಡಿದ್ವಾ ಅಣ್ಣಾ?"

"ಅದನ್ನ ಮ್ಯಾನೇಜರ್‌ಗೆ ಹೇಳು. ನಾಳೆ ಸ್ವಾತಂತ್ರ್ಯ ದಿನ, ನಾಡಿದ್ದು ಭಾನುವಾರ, ಬ್ಯಾಂಕಿಗೆ ರಜೆ. ಸೋಮವಾರ ಬಾ."

ಬೆಳಿಗ್ಗೆ ಅದೇ ಬಾಗಿಲ ಮುಂದೆ ಬಾವುಟ ಹಾರಿಸಿದ್ರು. "ಈ ದೇಶದಲ್ಲಿ ಇವತ್ತು ಯಾರಿಗೂ ಬಂಧನ ಇಲ್ಲ" ಅಂತ ಕೌನ್ಸಿಲರ್ ಮೈಕಲ್ಲಿ ಕೂಗಿದ. ನಾವೆಲ್ಲ ಚಪ್ಪಾಳೆ ತಟ್ಟಿ ಲಾಡು ತಿಂದ್ವಿ. ಬೆಕ್ಕು ಬಾಗಿಲು ಪರಚ್ತಾನೇ ಇತ್ತು. ಭಾನುವಾರ ಸಂಜೆಗೆ ಒಳಗಿನ ಕೂಗು ನಿಂತೋಯ್ತು.

ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಬಂದು ಕೀಲಿ ತಿರುವಿದ.

"ನೋಡು, ಹೇಳಿದ ದಿನಕ್ಕೇ ತೆರ್ಕೊಂಡೆ" ಅಂತು ಬೀಗ. "ಹೋಗು ಒಳಗೆ."

ಬಾಗಿಲು ಪೂರ್ತಿ ತೆರೆದಿತ್ತು. ಬೆಕ್ಕು ಹೊಸ್ತಿಲ ಹೊರಗೇ ಕೂತಿತ್ತು.